ಯಾರೂ ಬಿಡಿಸದ ಲೆಕ್ಕ

ಸ್ವಲ್ಪ ಹತ್ರ ಬನ್ನಿ, ಯಾರಿಗೂ ಹೇಳಬಾರದು. ಪಕ್ಕದ ಮನೆ ಗಿರಿಜಮ್ಮ ಮಗಳಿಗೆ ಗುಟ್ಟಾಗಿ ಸಂಬಂಧ ನೋಡ್ತಾವ್ಳೆ, ಮಾತೆಲ್ಲ ಫೋನಿನ ಮೆಸೇಜಲ್ಲೇ. ನನಗೆ ಕೂತಲ್ಲಿ ಕೂರೋಕಾಗ್ತಿರಲಿಲ್ಲ. ಬೇಲೂರಿನ ಬಸ್ಸು ಜಾವಗಲ್ ದಾಟೋ ಮೊದಲೇ, ಪಕ್ಕ ಕೂತಿದ್ದ ಕಾಲೇಜಿನ ಗಣಿತದ ಮೇಡಮ್ಮನ್ನ ಕೇಳೇಬಿಟ್ಟೆ: "ಬೇರೆಯವರ ಮೆಸೇಜು ಓದೋದು ಹೆಂಗವ್ವ?"

"ಆಗಲ್ಲ ಅಜ್ಜಿ. ಎರಡು ಸಂಖ್ಯೆ ಗುಣಿಸಿ ಮೆಸೇಜಿಗೆ ಬೀಗ ಹಾಕಿರ್ತಾರೆ, ಆ ಎರಡು ಯಾವುವು ಅಂತ ಗೊತ್ತಾದ್ರೇ ಬೀಗ ತೆಗೆಯೋದು. ಯಾವೆರಡು ಗುಣಿಸಿದ್ರೆ ಎಪ್ಪತ್ತೇಳು ಬರುತ್ತೆ ಹೇಳಿ?"

"ಏಳು ಹನ್ನೊಂದ್ಲ."

"ಅದೇ ಸಂಖ್ಯೆ ನೂರಾರು ಅಂಕಿ ಉದ್ದ ಇದ್ರೆ ಕಂಪ್ಯೂಟರಿಗೂ ಬಿಡಿಸೋಕಾಗಲ್ಲ. ಆದ್ರೆ ಸುಲಭದ ದಾರಿ ಇಲ್ಲವೇ ಇಲ್ಲ ಅಂತಾನೂ ಯಾರೂ ಸಾಧಿಸಿಲ್ಲ."

"ಹಂಗಾದ್ರೆ ಒಂದಿನ ಸಿಗ್ತೈತೆ ಅನ್ನು."

ಮುಂದಿನ ಸೀಟಲ್ಲಿ ಸೆರಗು ಹೊದ್ದಿದ್ದ ತಲೆ ತಿರುಗಿತು. ಗಿರಿಜಮ್ಮನೇ.

"ಅಷ್ಟೊತ್ತಿಗೆ ಮದುವೆ ಮುಗಿದಿರ್ತದೆ ಅಕ್ಕ. ಹೋದ ಸಲದ ಸಂಬಂಧ ನಿಮ್ಮ ಬಾಯಿಂದ ಮುರೀತಲ್ಲ, ಅದಕ್ಕೇ ಈ ಸಲ ಮೆಸೇಜಲ್ಲೇ ಮಾತಾಡ್ತಿರೋದು."