ಎಂಟಕ್ಷರದ ಗೌರಾಬಾಯಿ

ಶಿರಗುಪ್ಪಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ತೂಕದ ಮನೆಯ ಕಂಪ್ಯೂಟರು ನೋಡಿಕೊಳ್ಳುವ ಉಜ್ವಲಾಗೆ ಅತ್ತೆಯ ಎದುರು ನಿಂತು ಮಾತಾಡುವ ಧೈರ್ಯ ಇರಲಿಲ್ಲ. ಇದ್ದಿದ್ದರೆ ಈ ಫಜೀತಿಯೇ ಆಗುತ್ತಿರಲಿಲ್ಲ.

ಮದುವೆಗೆ ಮುಂಚೆ ಆಕೆ ಚಿಕ್ಕೋಡಿಯ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕೋಬಾಲ್ ಕಲಿತಿದ್ದಳು. ವ್ಯಾಪಾರ-ವ್ಯವಹಾರಕ್ಕೆಂದೇ ಹುಟ್ಟಿದ ಹಳೆಯ ಭಾಷೆ ಅದು. ಅದಕ್ಕೆ ಚುಟುಕು ಚಿಹ್ನೆಗಳು ಸಾಲವು. ಪೂರ್ತಿ ವಾಕ್ಯ ಬೇಕು, ಪ್ರತಿ ಸಾಲೂ ಗೆರೆ ಎಳೆದಂತೆ ತನ್ನ ಜಾಗದಲ್ಲೇ ಶುರುವಾಗಬೇಕು, ಕೊನೆಗೊಂದು ಚುಕ್ಕೆ ಬೇಕು. ಆ ಚುಕ್ಕೆ ಮರೆತರೆ ಪುಟಗಟ್ಟಲೆ ಬಯ್ಗುಳ ತೆರೆಯ ಮೇಲೆ ಸುರಿಯುತ್ತದೆ. ಸೊಸೆಯಾಗಿ ಬಂದ ವಾರದೊಳಗೇ ಉಜ್ವಲಾಗೆ ಇದೆಲ್ಲ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಅತ್ತೆ ಗೌರಾಬಾಯಿಗೆ ತಂಬಿಗೆ ಇಟ್ಟ ಜಾಗ ನಾಲ್ಕು ಬೆರಳು ಸರಿದರೂ ಸಾಕು, ಮಾತು ಸಂಜೆಯತನಕ ನಡೆಯುತ್ತಿತ್ತು.

ಕಾರ್ಖಾನೆಯವರು ಆಕೆಯಿಂದ ಒಂದು ಪ್ರೋಗ್ರಾಂ ಬರೆಸಿದರು. ಕಬ್ಬಿನ ಗಾಡಿ ಬಂದಾಗ ಗಾಡಿಯ ನಂಬರು, ತಳಿ, ತೂಕ ಎಲ್ಲ ತಪಾಸಣೆ ಮಾಡಿ, ಒಂದು ಹೆಚ್ಚುಕಮ್ಮಿಯಾದರೂ ಕೀಂವ್ ಎಂದು ಕಿರುಚಿ ಹಿಂದಕ್ಕೆ ಕಳಿಸಬೇಕು. ಬರೆದಾಯಿತು, ಹೆಸರಿಡುವುದು ಉಳಿಯಿತು. ಅಲ್ಲಿದ್ದದ್ದು ಡಾಸ್ ಎಂಬ ಹಳೆಯ ವ್ಯವಸ್ಥೆಯ ಯಂತ್ರ. ಅದರಲ್ಲಿ ಫೈಲಿನ ಹೆಸರು ಎಂಟು ಇಂಗ್ಲಿಷ್ ಅಕ್ಷರ ದಾಟುವಂತಿಲ್ಲ. ಉಜ್ವಲಾ ಬೆರಳು ಮಡಚಿ ಎಣಿಸಿದಳು. ಅತ್ತೆಯ ಹೆಸರು, GAURABAI, ಸರಿಯಾಗಿ ಎಂಟು! ಅಳತೆ ಕೊಟ್ಟು ಹೊಲಿಸಿದಂತಿತ್ತು.

ಆಮೇಲೆ ಕಾರ್ಖಾನೆಯ ಆಫೀಸಿಗೆ ಗಾಜಿನ ಬಾಗಿಲು ಬಂತು, ಹೊಸ ಕಂಪ್ಯೂಟರುಗಳು ಬಂದವು. ತೂಕದ ಮನೆಯಲ್ಲಿ ಮಾತ್ರ ನಡೆಯುವುದನ್ನು ಯಾಕೆ ಕೆದಕಬೇಕು ಎಂದು ಡಾಸ್ ಹಾಗೇ ಉಳಿಯಿತು. ಗುಮಾಸ್ತ ಬಾಪುಸಾಹೇಬ ದಿನಾ ಮುಂಜಾನೆ ಆ ಎಂಟಕ್ಷರ ಒತ್ತುವನು.

"ಗೌರಾಬಾಯಿ ಎದ್ದಾಳೇನ್ರಿ?" ಎಂದು ಯಾರೋ ಕೇಳುವರು.

"ಎದ್ದಾಳ. ಖರೆ, ಸಿಟ್ಟಿನ್ಯಾಗ ಅದಾಳ."

ಉಜ್ವಲಾ ಈ ಮಾತುಗಳನ್ನು ದವಡೆಯಲ್ಲಿಟ್ಟ ಬೆಲ್ಲದ ಹಾಗೆ ವರ್ಷಾನುಗಟ್ಟಲೆ ಚಪ್ಪರಿಸಿದಳು.

ಹೋದ ಹಂಗಾಮಿನಲ್ಲಿ ಒಂದು ದಿನ ಆಕೆ ತೂಕದ ಮನೆಗೆ ಕಾಲಿಡುವಷ್ಟರಲ್ಲಿ ಬಾಪುಸಾಹೇಬ ತಲೆಯ ಮೇಲೆ ಕೈ ಹೊತ್ತು ಕೂಗಿದ: "ಬಾಯಾರ, ಗೌರಾಬಾಯಿ ಹೋದ್ಲರಿ! ಮುಂಜಾನಿಂದ ಎಬ್ಬಸಾಕತ್ತೀನಿ, ಏಳವಲ್ಲಳು!"

"ಹೋದ್ರ ಹೋಗ್ಲಿ ಬಿಡ್ರಿ. ವಯಸ್ಸಾಗೈತಿ. ಮೊದ್ಲ ಚಹಾ ಕುಡಿಯೂಣು," ಎಂದಳು ಉಜ್ವಲಾ.

ಕಿಟಕಿಯ ಹೊರಗೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ ಸಿದರಾಯ ಇದನ್ನು ಕೇಳಿ ಬೆವತುಹೋದ. ಅವನದು ಉಜ್ವಲಾಳ ಓಣಿಯೇ. ತೂಕದ ಮನೆಗೆ ಬಂದದ್ದು ಅದೇ ಮೊದಲು. ಇಂಥ ಸೊಸೆಯೂ ಇರುತ್ತಾಳೇನು ಎಂದುಕೊಂಡು ಅವನು ಕುಡಚಿಯಲ್ಲಿರುವ ಗೌರಾಬಾಯಿಯ ತಂಗಿ ಭೀಮಾಬಾಯಿಗೆ ನೇರವಾಗಿ ಫೋನು ಹಚ್ಚಿದ.

ಮಧ್ಯಾಹ್ನ ಗೌರಾಬಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಾಗ ಎರಡು ಜೀಪು ಬಂದು ನಿಂತವು. ಭೀಮಾಬಾಯಿ ಎದೆ ಬಡಿದುಕೊಳ್ಳುತ್ತ ಇಳಿದಳು, ಕೈಯಲ್ಲಿ ಹಾರ.

"ಯಾರ ಹೋದ್ರಬೇ?" ಎಂದು ಗೌರಾಬಾಯಿಯೂ ಅಳಲು ಸಿದ್ಧಳಾಗಿ ಎದ್ದಳು.

"ನೀನ ಹೋಗಿದ್ದೆಲ್ಲಬೇ ಅಕ್ಕಾ!"

ಸಂಜೆ, ಸಡಿಲಾದ ವೈರೊಂದನ್ನು ಒತ್ತಿ ಯಂತ್ರದ ಗೌರಾಬಾಯಿಯನ್ನು ಎಬ್ಬಿಸಿ ಉಜ್ವಲಾ ಮನೆಗೆ ಬಂದಾಗ ಪಡಸಾಲೆಯಲ್ಲಿ ಪಂಚಾಯತಿ ಕೂತಿತ್ತು. ಸಿದರಾಯ ಅಷ್ಟರಲ್ಲಿ ಬಾಪುಸಾಹೇಬನನ್ನು ಕೇಳಿ ಯಂತ್ರದ ಹೆಸರಿನ ಗುಟ್ಟು ತಿಳಿದುಕೊಂಡು ಎಲ್ಲ ಒದರಿಬಿಟ್ಟಿದ್ದ. ಗಂಡ ಈಶ್ವರ ಜಂತಿಯಲ್ಲಿ ಏನೋ ಹುಡುಕುವವನಂತೆ ಮೇಲೆ ನೋಡುತ್ತಿದ್ದ.

"ನನ್ನ ಹೆಸರ ಮಿಷನ್ನಿಗ್ಯಾಕ ಇಟ್ಟಿ?" ಎಂದಳು ಅತ್ತೆ.

ಉಜ್ವಲಾಗೆ ಸುಳ್ಳು ಹೊಳೆಯಲಿಲ್ಲ. "ಅದೂ ನಿಮ್ಮಂಗರಿ ಆತ್ಯಾ. ತಪ್ಪ ಕಂಡ್ರ ಬಿಡಂಗಿಲ್ಲ."

ಭೀಮಾಬಾಯಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಗೌರಾಬಾಯಿ ಸೊಸೆಯ ಕಡೆ ಸರಿದು ಕೂತಳು.

"ಮಂದಿ ಅದರ ಮಾತ ಕೇಳತಾರ?"

"ಕೇಳದಿದ್ರ ಗಾಡಿ ಒಳಗ ಬಿಡಂಗಿಲ್ರಿ. ಚೇರಮನ್ನರ ಕಬ್ಬಿದ್ರೂ ಅಷ್ಟ."

ಗೌರಾಬಾಯಿ ಮಗನ ಕಡೆ ತಿರುಗಿದಳು. "ಕೇಳಿದೇನಲೇ? ಮನ್ಯಾಗ ಒಬ್ಬರರೆ ಹಂಗ ಕೇಳತೀರಿ?"

ಮರುದಿನ ಆಕೆ ಹಬ್ಬದ ಸೀರೆಯುಟ್ಟು ಕಾರ್ಖಾನೆಗೇ ಬಂದಳು. ಬಾಪುಸಾಹೇಬ ಕುರ್ಚಿ ಬಿಟ್ಟು ಎದ್ದ. ಒಂದು ಗಾಡಿಯ ನಂಬರು ತಪ್ಪಿ ಯಂತ್ರ ಕಿರುಚಿದಾಗ ಗೌರಾಬಾಯಿ ತೆರೆಯನ್ನು ಮೆಚ್ಚುಗೆಯಿಂದ ನೋಡಿ, "ಬರೋಬ್ಬರಿ ಐತಿ. ಇನ್ನೂ ಸ್ವಲ್ಪ ಜೋರ ಒದರಬೇಕಿತ್ತ," ಎಂದಳು. ಉಜ್ವಲಾಗೆ ಹೋದ ಜೀವ ಬಂದಂತಾಯಿತು.

ಆ ನೆಮ್ಮದಿ ಬಹಳ ದಿನ ನಿಲ್ಲಲಿಲ್ಲ. ಮುಂದಿನ ವಾರ ಗೌರಾಬಾಯಿ ರಾಯಬಾಗದ ಕಡೆಯಿಂದ ಒಂದು ಎಮ್ಮೆ ತರಿಸಿ, ಹಣೆಗೆ ಕುಂಕುಮ ಹಚ್ಚಿ, ಓಣಿಯವರನ್ನೆಲ್ಲ ಕರೆದು ಹೆಸರಿಟ್ಟಳು. ಈಗ ದಿನಾ ನಸುಕಿನಲ್ಲಿ ಕೊಟ್ಟಿಗೆಯಿಂದ, "ಏ ಉಜ್ವಲಾ, ಬಾಲ ಬೀಸಬ್ಯಾಡ, ನೆಟ್ಟಗ ನಿಂದ್ರ!" ಎಂಬ ಕೂಗು ಏಳುತ್ತದೆ. ಈಶ್ವರ ನಗು ತಡೆಯಲಾರದೆ ಚಾದರ ಮುಖಕ್ಕೆಳೆದುಕೊಳ್ಳುತ್ತಾನೆ. ಹಾಲು ಒಯ್ಯಲು ಬಂದವರು ಎಮ್ಮೆ ಹೇಗಿದೆ ಎಂದು ಕೇಳಿದರೆ, ಗೌರಾಬಾಯಿ ಅಡುಗೆಮನೆಗೆ ಕೇಳಿಸುವಂತೆ ಹೇಳುತ್ತಾಳೆ:

"ನಮ್ಮ ಉಜ್ವಲಾ ಒದೀತಾಳ ಖರೆ. ಆದ್ರ ಗುಣಕ್ಕ ಚಲೋ ಅದಾಳ."