ಗಾಜಿನ ಕಂಪನಿಯ ಭಟ್ಟಿ ಆರಿದ್ದು

ಮುಂಬಯಿಯ ಭಾಂಡುಪ್ ಸ್ಟೇಷನ್ನಿನ ಹೊರಗೆ ರಸ್ತೆ ರಿಪೇರಿಗೆ ಡಾಂಬರು ಕಾಯಿಸುವಾಗ ಜನ ಮೂಗು ಮುಚ್ಚಿಕೊಂಡು ಓಡುತ್ತಾರೆ. ನಾನು ನಿಂತುಬಿಡುತ್ತೇನೆ. ನನ್ನ ಬಾಲ್ಯದ ವಾಸನೆ ಅದು. ಗಾಜಿನ ಕಂಪನಿಯ ಭಟ್ಟಿಯಲ್ಲಿ ಹಗಲಿರುಳು ಉರಿಯುತ್ತಿದ್ದ ಎಣ್ಣೆಯ ಹೊಗೆ ನಮ್ಮ ಬಟ್ಟೆಯಲ್ಲಿ, ತಲೆಗೂದಲಲ್ಲಿ, ಅಮ್ಮ ಒಣಗಲು ಹಾಕಿದ ಹಪ್ಪಳದಲ್ಲಿ ಕೂಡ ಇರುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿ ದೂರ ಸರಿದು ಕೂತಾಗ ಆ ವಾಸನೆಯನ್ನು ಶಪಿಸುತ್ತಿದ್ದೆ. ಹುಟ್ಟಿ ಬೆಳೆದ ಮನೆಯ ಜಾಗದಲ್ಲಿ ಬೇರೆ ಯಾರದೋ ಬಿಲ್ಡಿಂಗ್ ಎದ್ದಿರುವವರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು.

ಭಾಂಡುಪಿನಲ್ಲಿ ಕಂಪನಿ ಕಟ್ಟುವಾಗ ಸುತ್ತ ಬರೀ ಗದ್ದೆ, ಕೆಸರು ಇತ್ತಂತೆ. ಉಡುಪಿ ಕಡೆಯಿಂದ ಬಂದಿದ್ದ ನನ್ನ ಅಜ್ಜ ಚಿಮಣಿ ಕಟ್ಟುವ ಗಾರೆ ಕೆಲಸದವರಿಗೆ ಗಂಜಿ ಬೇಯಿಸಿ ಹಾಕುತ್ತಿದ್ದರು. ಚಿಮಣಿ ಎದ್ದು ನಿಂತ ಮೇಲೆ ಮಾಲೀಕರಾದ ದೊಡ್ಡ ಸೇಠ್, ಅಜ್ಜನಿಗೆ ಕಾಂಪೌಂಡಿನ ಒಳಗೇ ಕ್ಯಾಂಟೀನ್ ನಡೆಸಲು ಕೊಟ್ಟರು. ಅದರ ಹಿಂದೆ ನಮ್ಮ ಎರಡು ಕೋಣೆಯ ಮನೆ. ಅಜ್ಜನ ನಂತರ ಕ್ಯಾಂಟೀನ್ ಅಪ್ಪನದಾಯಿತು. ಎದುರಿಗೇ ಭಟ್ಟಿಯ ಶೆಡ್ಡು: ಕಲ್ಲಿನ ಅಡಿಪಾಯ, ಕೆಂಪು ಇಟ್ಟಿಗೆಯ ಗೋಡೆ, ಕಮಾನಿನ ಕಿಟಕಿಗಳು, ಉಕ್ಕಿನ ತೊಲೆಗಳ ಮೇಲೆ ಮಂಗಳೂರು ಹೆಂಚು. ಬಿಸಿಗಾಳಿ ಹೊರಗೆ ಹೋಗಲೆಂದು ಆ ಹೆಂಚಿನ ಮಾಡಿನ ನೆತ್ತಿಯ ಉದ್ದಕ್ಕೂ ಇನ್ನೊಂದು ಪುಟ್ಟ ಮಾಡು ಕಟ್ಟಿದ್ದರು. "ಅಕೋ, ನಮ್ಮ ಊರಿನ ಹೆಂಚು. ನಮಗಿಂತ ಮೊದಲು ಅದೇ ಬಂದು ಕೂತಿದೆ" ಎಂದು ಅಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದಳು. ಸಂಜೆ ಆ ಕಿಟಕಿಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದ್ದವು, ಒಳಗಿನ ಗುಂಯ್‌ಗುಟ್ಟುವ ಸದ್ದಿನಲ್ಲೇ ನಾವು ಉಣ್ಣುತ್ತಿದ್ದೆವು, ಓದುತ್ತಿದ್ದೆವು, ಜಗಳವಾಡುತ್ತಿದ್ದೆವು.

ಭಟ್ಟಿಯ ಕೆಲಸಗಾರರಲ್ಲಿ ಅಪ್ಪನಿಗೆ ಅತ್ಯಂತ ಹತ್ತಿರದವನು ವಿಜಯಪುರದ ಸಂಗಪ್ಪ. ಪಾಳಿ ಮುಗಿಸಿ ಬಂದರೆ ಅವನ ಮುಖ ಬೆಂದ ಗೆಣಸಿನಂತಿರುತ್ತಿತ್ತು. ನನಗಾಗಿ ಗಾಜಿನ ಗೋಲಿಗಳನ್ನು ತರುತ್ತಿದ್ದ. ಅಪ್ಪನ ಇಡ್ಲಿಯನ್ನು ದಿನವೂ ಬೈಯುತ್ತ ದಿನವೂ ತಿನ್ನುತ್ತಿದ್ದ.

ದೊಡ್ಡ ಸೇಠ್ ತೀರಿಕೊಂಡ ಮೇಲೆ ಮಗ ಬಂದ. ಒಂದು ದಿನ ಎಲ್ಲರನ್ನೂ ಸೇರಿಸಿ, ಭಟ್ಟಿ ರಿಪೇರಿಗಿದೆ, ಕೆಲವು ತಿಂಗಳು ಕೆಲಸವಿಲ್ಲ ಎಂದ. ಸಂಗಪ್ಪ ಓಡುತ್ತ ಅಪ್ಪನ ಹತ್ತಿರ ಬಂದ. "ಅಣ್ಣಾರ, ಕರಗಿದ ಗಾಜು ಹೊರಗ ಬಿಡಲಾರದ, ಬೆಂಕಿ ಆರಸಾಕತ್ತಾರ. ಒಳಗ ಗಟ್ಟಿ ಆತಂದ್ರ ಭಟ್ಟಿ ಮುಗೀತು. ನೀವರ ಕೇಳ್ರಿ, ನಿಮ್ಮ ಮಾತಿಗೆ ಬೆಲಿ ಐತಿ." ಅಪ್ಪ ಹೋಗಿ ಕೇಳಿದರು. ಚಿಕ್ಕ ಸೇಠ್ ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಹೊಸ ಇಂಜಿನಿಯರ್ ಬರುತ್ತಾನೆ, ಎಲ್ಲ ಹೊಸ ರೀತಿ ಎಂದನಂತೆ. "ಅಣ್ಣಾ, ಕ್ಯಾಂಟೀನ್ ಬಂದ್ ಮತ್ ಕರನಾ" ಎಂದೂ, ಕ್ಯಾಂಟೀನ್ ಮಾತ್ರ ಮುಚ್ಚಬೇಡ ಎಂದೂ ಹೇಳಿದನಂತೆ. ಅಜ್ಜನಿಗೆ ನೆಲೆ ಕೊಟ್ಟ ಮನೆತನದ ಮಾತು. ಅಪ್ಪ ನಂಬಿದರು.

ಮರುದಿನ ಮಧ್ಯಾಹ್ನ ಸದ್ದು ನಿಂತಿತು. ಅಮ್ಮ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದು ನಿಂತಳು. ನನಗೆ ಕಿವಿಯೇ ಹೋಯಿತೇನೋ ಅನ್ನಿಸಿತು.

ಆ ಮಳೆಗಾಲವಿಡೀ ಕೆಲಸಗಾರರು ಮುಂದಿನ ಗೇಟಿನ ಹತ್ತಿರ ಕೂರುತ್ತಿದ್ದರು. ಬೇರೆ ಕೆಲಸ ಹುಡುಕಲು ಹೊರಟವರನ್ನು ಅಪ್ಪನೇ ತಡೆಯುತ್ತಿದ್ದರು. "ಸ್ವಲ್ಪ ತಾಳಿ ಮಾರಾಯ್ರೆ, ಶುರುವಾಗ್ತದೆ" ಎಂದು ಎಲ್ಲರಿಗೂ ಚಾ ಕೊಡುತ್ತಿದ್ದರು. ಅವರು ಇತ್ತ ಚಾ ಕುಡಿಯುವಾಗ ಅತ್ತ ಹಿಂದಿನ ಗೇಟಿನಿಂದ ಯಂತ್ರಗಳು ಲಾರಿ ಹತ್ತುತ್ತಿದ್ದವು. ಹಳೆಯದು ಹೋಗಿ ಹೊಸದು ಬರುತ್ತದೆ ಎಂದು ಕಾವಲಿನವರು ಹೇಳಿದ್ದರು.

ದಸರೆಯ ಹೊತ್ತಿಗೆ ಅಮ್ಮನೇ ಮೊದಲು ನೋಡಿದ್ದು. "ಹೆಂಚು ತೆಗೀತಿದ್ದಾರೆ. ರಿಪೇರಿಗೆ ಮಾಡು ಯಾಕೆ ಬಿಚ್ಚುವುದು?" ಎಂದಳು. ಅಪ್ಪ ನನ್ನ ಕೈ ಹಿಡಿದುಕೊಂಡೇ ಶೆಡ್ಡಿನೊಳಗೆ ನಡೆದರು. ಹೆಂಚಿಲ್ಲದ ತೊಲೆಗಳ ನಡುವಿನಿಂದ ಬಿಸಿಲು ನೇರವಾಗಿ ಸುರಿಯುತ್ತಿತ್ತು. ಭಟ್ಟಿಯ ಗೋಡೆ ಒಂದು ಕಡೆ ಒಡೆದಿತ್ತು. ಒಳಗೆ ಹಸಿರು ಗಾಜು ಬಂಡೆಯಂತೆ ಹೆಪ್ಪುಗಟ್ಟಿ ಬಿರುಕುಬಿಟ್ಟಿತ್ತು. ನನ್ನ ಕಣ್ಣಿಗೆ ಅದು ಚಂದ ಕಂಡಿತು. ಅಪ್ಪ ಅಲ್ಲೇ ಕುಕ್ಕರಿಸಿದರು.

ಮರುದಿನ ಬೆಳಿಗ್ಗೆ ಅವರು ಒಲೆ ಹೊತ್ತಿಸಲಿಲ್ಲ. ಗೇಟಿಗೆ ಹೋಗಿ ತಮ್ಮ ಹರಕು ಮರಾಠಿಯಲ್ಲಿ ಎಲ್ಲರೆದುರು ಹೇಳಿದರು: ನನಗೆ ಸುಳ್ಳು ಹೇಳಿದರು, ಆ ಸುಳ್ಳನ್ನೇ ನಾನು ನಿಮಗೆ ಹೇಳಿದೆ, ಒಳಗೆ ಏನೂ ಉಳಿದಿಲ್ಲ. ಸಂಗಪ್ಪ ಎದ್ದು ಬಂದು ಮೆಲ್ಲಗೆ ಹೇಳಿದ: "ನಿಮ್ಮ ಮಾತಿಗೆ ಕುಂತೇವ್ರಿ ಅಣ್ಣಾರ. ಇಲ್ಲಾಂದ್ರ ಬೆಂಕಿ ಇದ್ದಾಗನ ಒಳಗ ಹೊಕ್ಕು ಗಾಜು ಬಿಟ್ಟಿರತಿದ್ವಿ. ಭಟ್ಟಿ ಜೀವಂತ ಇರತಿತ್ತು." ಅಷ್ಟು ಹೇಳಿ ಹೋದವನು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಈಗ ಅಲ್ಲಿ ಗಗನಚುಂಬಿ ಟವರ್‌ಗಳಿವೆ. ಚಿಮಣಿಯನ್ನು ಮಾತ್ರ ಶೋಭೆಗೆಂದು ಉಳಿಸಿ ಬಣ್ಣ ಬಳಿದಿದ್ದಾರೆ. ಬುಡದ ಫಲಕದಲ್ಲಿ ಸೇಠ್ ಮನೆತನದ ದೂರದೃಷ್ಟಿಯನ್ನು ಹೊಗಳಿದ್ದಾರೆ. ಅದರ ಮುಂದೆ ಮದುಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಾರೆ. ಕಾರ್ಖಾನೆ ಸತ್ತದ್ದು ಹೇಗೆಂದು ಫಲಕ ಹೇಳುವುದಿಲ್ಲ. ಅದು ಸಾಯಲಿಲ್ಲ, ಜಾಗ ಮಾರಲೆಂದೇ ಅದನ್ನು ಕೊಂದರು.

ಆಗ ಕಂಪನಿಯ ಮನೆ ಬಿಟ್ಟ ನಾವು ಭಾಂಡುಪಿನಲ್ಲೇ ಬಾಡಿಗೆಗೆ ಉಳಿದೆವು. ಅಪ್ಪ ದಾದರ್‌ನಲ್ಲಿ ನೆಂಟರ ಹೋಟೆಲಿನ ಗಲ್ಲಾದಲ್ಲಿ ಕೂತು ಉಳಿದ ಆಯುಷ್ಯ ಕಳೆದರು. ಭಟ್ಟಿ ಆರಿ ಕೆಲವು ವರ್ಷಗಳಾದ ಮೇಲೆ ಸಂಗಪ್ಪ ಎದೆರೋಗದಿಂದ ಪರೇಲಿನ ಆಸ್ಪತ್ರೆಯಲ್ಲಿದ್ದಾನೆಂದು ತಿಳಿದು, ಡಬ್ಬಿಯಲ್ಲಿ ಇಡ್ಲಿ ಕಟ್ಟಿಸಿಕೊಂಡು ಹೋದರು. ನಾನೂ ಜೊತೆಗಿದ್ದೆ. ಸಂಗಪ್ಪ ಅಪ್ಪನನ್ನು ನೋಡಿದ, ಗೋಡೆಯ ಕಡೆ ಹೊರಳಿ ಮಲಗಿದ. ಅಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನರ್ಸ್ ಬಂದು ಏಳಿಸುವವರೆಗೂ ಕೂತಿದ್ದರು. ಸಂಗಪ್ಪ ಒಮ್ಮೆಯೂ ಇತ್ತ ತಿರುಗಲಿಲ್ಲ. ಹಿಂದಿರುಗುವಾಗ ಲೋಕಲ್ ರೈಲು ಖಾಲಿಯಿತ್ತು. "ಕೂತುಕೊಳ್ಳಿ ಅಪ್ಪ" ಎಂದೆ. ಭಾಂಡುಪ್ ಬರುವ ತನಕ ಅವರು ಬಾಗಿಲ ಕಂಬ ಹಿಡಿದು, ಹೊರಗೆ ನೋಡುತ್ತ ನಿಂತೇ ಇದ್ದರು.