ನೀರು ಕುಡಿದು ಹೊರಟ ಸೊಸೆ

ನಾನು ಸೀರಿಯಲ್ ನೋಡುತ್ತೇನೆ. ಇದನ್ನು ಯಾವತ್ತೂ ಮುಚ್ಚಿಟ್ಟವಳಲ್ಲ. ವಿದ್ಯಾರಣ್ಯಪುರದ ಕಡೆ ಒಂದು ಶಾಲೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಮಾತು ಬಂದರೆ ಉಳಿದವರೆಲ್ಲ, "ನಾನು ನೋಡಲ್ಲಪ್ಪ, ನಮ್ಮತ್ತೆ ಹಾಕಿರ್ತಾರೆ, ಓಡಾಡುವಾಗ ಕಿವಿಗೆ ಬೀಳುತ್ತೆ ಅಷ್ಟೆ" ಎನ್ನುತ್ತಿದ್ದರು. ಆದರೆ ಹಿಂದಿನ ದಿನ ಯಾರ ಹಾಲಿಗೆ ಯಾರು ಏನು ಬೆರೆಸಿದರು, ಯಾರ ತಾಳಿ ಎಲ್ಲಿ ಕಳೆಯಿತು ಎಂಬುದು ಒಬ್ಬೊಬ್ಬರಿಗೂ ಬಾಯಿಪಾಠ. ಅಷ್ಟೆಲ್ಲ ಕಿವಿಗೆ ಬೀಳಬೇಕಾದರೆ ಸಂಜೆ ಹೊತ್ತು ಅವರು ಅದೆಷ್ಟು ಓಡಾಡುತ್ತಿದ್ದರೋ.

ಸೀರಿಯಲ್‌ಗಳಿಂದ ಸಂಸಾರ ಕೆಡುತ್ತದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಆಗಿದ್ದು ಅದಕ್ಕೆ ಉಲ್ಟಾ. ನಾನು ಯಶವಂತಪುರದ ಬಾಡಿಗೆ ಮನೆಯಲ್ಲಿ ಬೆಳೆದವಳು, ಅಪ್ಪ ಗುಮಾಸ್ತರು. ಅತ್ತೆ, ವಿದ್ಯಾರಣ್ಯಪುರದ ಪಕ್ಕದ ನಮ್ಮ ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿಗೆ ಸೊಸೆಯಾಗಿ ಬಂದು, ದ್ರಾಕ್ಷಿ ತೋಟದಲ್ಲಿ ದುಡಿದು, ಕಣ್ಣೆದುರೇ ಆ ತೋಟ ಸೈಟುಗಳಾಗಿದ್ದನ್ನು ಕಂಡವರು. ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರಿಗೆ ಮಾತಾಡಲು ವಿಷಯವೇ ಇರಲಿಲ್ಲ. ಟಿವಿ ಮುಂದೆ ಕೂತ ಮೇಲೆ ಸಿಕ್ಕಿತು. "ನೋಡು, ಆ ಉಡ್ಗಿ ಪಾತ್ರೆ ನೆನೆ ಆಕ್ದೆ ಅಂಗೇ ಬಿಟ್ಟೋದ್ಲು" ಎಂದು ಅತ್ತೆ ಅಂದರೆ ನಾನು ಎದ್ದು ಹೋಗಿ ಸಿಂಕಿನ ಪಾತ್ರೆಗೆ ನೀರು ಬಿಡುತ್ತಿದ್ದೆ. "ಆ ಅತ್ತೆ ನೋಡಿ, ಸೊಸೆ ಫೋನಲ್ಲಿದ್ದಾಗಲೇ ಬಾಗಿಲ ಹತ್ರ ಗುಡಿಸೋಕೆ ಬರ್ತಾರೆ" ಎಂದು ನಾನು ಅಂದರೆ ಅವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಎದುರೆದುರೇ ಹೇಳಿದ್ದರೆ ಜಗಳವಾಗುತ್ತಿದ್ದ ಎಷ್ಟೋ ಮಾತುಗಳು ಹೀಗೆ ಸುಸೂತ್ರವಾಗಿ ಮುಗಿದವು.

2015ರ ಆಸುಪಾಸಿನಲ್ಲಿ ಸೀರಿಯಲ್ಲೇ ನಮ್ಮ ಮನೆಗೆ ಬಂತು. ಮಾವನವರು ತೀರಿಕೊಳ್ಳುವ ಮುಂಚೆ ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ದೊಡ್ಡ ಮನೆ ಕಟ್ಟಿಸಿದ್ದರು. ಎರಡು ಕಂಬ, ಹಾಲ್‌ನಿಂದಲೇ ಮೇಲಕ್ಕೆ ಏರುವ ಅಗಲವಾದ ಮೆಟ್ಟಿಲು. ಹಳೇ ಮನೆಯದು ಅಂತ ಉಳಿದದ್ದು ಮುಂಬಾಗಿಲು ಮತ್ತು ಅದರ ಹೊಸ್ತಿಲು. ಒಳ್ಳೆ ಮರ, ಬಿಸಾಡುವುದು ಬೇಡ ಎಂದು ಅತ್ತೆಯೇ ಹಟ ಹಿಡಿದು ಹಾಕಿಸಿದ್ದರಂತೆ. ಶೂಟಿಂಗಿಗೆ ಮನೆ ಹುಡುಕುತ್ತಿದ್ದವರಿಗೆ ಆ ಮೆಟ್ಟಿಲು ಬಹಳ ಹಿಡಿಸಿತು. ಕೆಟ್ಟ ಅತ್ತೆಯರು ನಿಧಾನವಾಗಿ ಇಳಿದು ಬರಲು ಮೆಟ್ಟಿಲು ಬೇಕೇ ಬೇಕಲ್ಲ. ತಿಂಗಳಿಗೆ ಇಷ್ಟು ದಿನ ಅಂತ ಮಾತಾಯಿತು. ಆ ದಿನಗಳಲ್ಲಿ ನಾವು ಹಿಂದಿನ ಪೋರ್ಷನ್‌ಗೆ ಹೋಗುತ್ತಿದ್ದೆವು. ಅಡುಗೆಮನೆಗೆ ಮಾತ್ರ ಅತ್ತೆ ಯಾರನ್ನೂ ಬಿಡಲಿಲ್ಲ. ಸೀರಿಯಲ್‌ನವರು ಕಾರ್ ಶೆಡ್ಡಿನಲ್ಲಿ ಪ್ಲೈವುಡ್ಡಿನ ಅಡುಗೆಮನೆ ಮಾಡಿಕೊಂಡರು. ಟಿವಿಯಲ್ಲಿ ಅದು ನಮ್ಮದಕ್ಕಿಂತ ಚೆನ್ನಾಗಿಯೇ ಕಾಣುತ್ತಿತ್ತು.

ಅದೇ ಹೊತ್ತಿಗೆ ನಾನು ಫೋನಿನಲ್ಲಿ ಸೀರಿಯಲ್ ಪ್ರಿಯರ ಒಂದು ಗ್ರೂಪಿಗೆ ಸೇರಿದ್ದೆ. ಸಾವಿರಾರು ಜನ, ಬಹುಪಾಲು ಹೆಂಗಸರು. ಒಂದು ಕಂತು ಮುಗಿಯುವುದರೊಳಗೆ ಅದರ ಮೇಲೆ ತೀರ್ಪು ಬಂದಿರುತ್ತಿತ್ತು. ಅಲ್ಲಿ ಎಲ್ಲರಿಗಿಂತ ಚುರುಕು ಆರ್.ಟಿ. ನಗರದ ಒಬ್ಬ ಮಹಿಳೆ, ಆಫೀಸಿನಿಂದ ನಿವೃತ್ತಿಯಾದವರು. ಅವರ ಒಂದೊಂದು ಸಾಲೂ ಫೈಲಿನ ಮೇಲೆ ಬರೆದ ಷರಾದ ಹಾಗೆ. ನಮ್ಮ ಮನೆಯ ಕಂಬಗಳ ಬಗ್ಗೆ ಅವರು, "ಸೆಟ್ ಹಾಕಿದವರಿಗೆ ಅಭಿರುಚಿ ಇಲ್ಲ" ಎಂದು ಬರೆದಿದ್ದರು. ಅದು ಮಾವನವರ ಅಭಿರುಚಿ. ನನಗೂ ಅದೇ ಅಭಿಪ್ರಾಯವಿದ್ದುದರಿಂದ ಸುಮ್ಮನಿದ್ದೆ.

ಕಥೆ ಮುಂದುವರಿದು, ಸೊಸೆಯನ್ನು ಮನೆಯಿಂದ ಆಚೆ ಹಾಕುವ ದೃಶ್ಯಕ್ಕೆ ಬಂತು. ಅತ್ತೆಯ ಪಾತ್ರದವರು ಅವಳ ರಟ್ಟೆ ಹಿಡಿದು ಮೆಟ್ಟಿಲಿನಿಂದ ಎಳೆದು ತಂದು, ಹೊಸ್ತಿಲಾಚೆ ತಳ್ಳಿ, ಬಾಗಿಲು ಹಾಕಬೇಕು. ಅವತ್ತು ನನಗೆ ರಜೆ. ಲೈಟು ಹೊಂದಿಸಿ, ಒಂದು ಸಲ ರಿಹರ್ಸಲ್ ಮಾಡಿದರು. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಸದ್ದು ಕೇಳಿ ಮುಂದಕ್ಕೆ ಬಂದರು. ಹೊರಗೆ ಬಿದ್ದಿದ್ದ ಹುಡುಗಿ ನಗುತ್ತಾ ಸೀರೆ ಕೊಡವಿಕೊಂಡು ಏಳುತ್ತಿದ್ದಳು. ಅತ್ತೆ ಹೋಗಿ ಹೊಸ್ತಿಲ ಒಳಗೆ ನಿಂತರು.

"ಇದು ಇಲ್ಲಿ ಬ್ಯಾಡ" ಎಂದರು.

ಡೈರೆಕ್ಟರು ನನ್ನ ಗಂಡನ ವಯಸ್ಸಿನವರು, ಸಮಾಧಾನದ ಮನುಷ್ಯ. "ಯಾಕಮ್ಮ, ಬಾಗಿಲಿಗೇನೂ ಆಗಲ್ಲ. ಮೆತ್ತಗೆ ಹಾಕಿಸ್ತೀನಿ" ಎಂದರು.

"ಬಾಗ್ಲ ಮಾತಲ್ಲಪ್ಪ. ಸೊಸೇನ ಆಚೆ ತಳ್ಳೋದು ಈ ವೊಸ್ತಿಲ ಮೇಲೆ ಬ್ಯಾಡ."

ಶೂಟಿಂಗ್ ನಿಂತಿತು. ಜನರೇಟರ್ ಮಾತ್ರ ಬೀದಿಯಲ್ಲಿ ಗುರುಗುಡುತ್ತಿತ್ತು. ನನ್ನ ಗಂಡನಿಗೆ ಫೋನ್ ಹೋಯಿತು. ಅವರು ಜಾಲಹಳ್ಳಿಯ ಕಾರ್ಖಾನೆಯಿಂದ ಬೈಕಿನಲ್ಲಿ ಬಂದು, "ಅಮ್ಮ, ನಾಟಕ ಕಣಮ್ಮ ಅದು. ಮಾತು ಕೊಟ್ಟಿದ್ದೀವಿ. ಇವರೆಲ್ಲ ಏನಂದ್ಕೋತಾರೆ" ಎಂದರು. ಅವರಿಗೆ ನಿಜಕ್ಕೂ ಮುಜುಗರವಾಗಿತ್ತು. ಅತ್ತೆ ಮಗನ ಕಡೆ ನೋಡಲಿಲ್ಲ. ಡೈರೆಕ್ಟರಿಗೇ ಹೇಳಿದರು.

"ನಮ್ಮತ್ತೆ ನನ್ನ ಇಂಗೇ ತಳ್ಳಿದ್ರು ಕಣಪ್ಪ. ಇದೇ ವೊಸ್ತ್ಲು. ಮದ್ವೆ ಆಗಿ ವರ್ಸ ತುಂಬಿರ್ಲಿಲ್ಲ. ಸಂಜೆಗಂಟ ಊರ ಬಾವಿ ತಾವ ವೊಂಗೆ ಮರದ್ ಕೆಳ್ಗೆ ಕುಂತಿದ್ದೆ. ನಮ್ ಮಾವ ಬಂದು ಕರ್ಕೊಂಡೋದ್ರು. ನಾನೊಬ್ಬಳು ಸಾಕು. ಈ ಉಡ್ಗೀನ ಬೇರೆ ಯಾಕ್ ತಳ್ಳೀರ?"

ನನ್ನ ಗಂಡ ಹೆಲ್ಮೆಟ್ ಹಿಡಿದುಕೊಂಡು ಹಾಗೇ ನಿಂತರು. ಅವರಿಗೂ ಗೊತ್ತಿರಲಿಲ್ಲ. ಆ ಅಜ್ಜಿಯ ಕೈತುತ್ತು ತಿಂದು ಬೆಳೆದ ಮೊಮ್ಮಗ ಅವರು. ಅತ್ತೆಯ ಜೊತೆ ಅಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದ ನನಗೂ ಗೊತ್ತಿರಲಿಲ್ಲ. ಅತ್ತೆಯ ಪಾತ್ರ ಮಾಡುತ್ತಿದ್ದ ನಟಿ, ಕತ್ತಿನ ತುಂಬ ಸರ ಹಾಕಿಕೊಂಡಿದ್ದವರು, ಮೆಟ್ಟಿಲ ಮೇಲೆಯೇ ಕೂತುಬಿಟ್ಟರು.

ಡೈರೆಕ್ಟರು ಸ್ವಲ್ಪ ಹೊತ್ತು ಅಂಗಳದಲ್ಲಿ ಓಡಾಡಿದರು. ಯಾರಿಗೋ ಫೋನ್ ಮಾಡಿದರು. ಬಂದು ಕೇಳಿದರು, "ಸರಿನಮ್ಮ. ಆದ್ರೆ ಕಥೇಲಿ ಅವಳು ಇವತ್ತು ಮನೆ ಬಿಡಲೇಬೇಕು. ಏನ್ ಮಾಡೋಣ ಹೇಳಿ."

"ಓಗ್ಲಿ. ಯಾರ್ ಬ್ಯಾಡ ಅಂದ್ರು? ಕೈಕಾಲಿಲ್ವಾ ಅವಳ್ಗೆ? ಒಂದ್ ಲೋಟ ನೀರ್ ಕುಡ್ದು, ಚಪ್ಲಿ ಮೆಟ್ಕೊಂಡು, ಅವಳಷ್ಟಕ್ಕೆ ಓಗ್ಲಿ."

ಅವರು ಹಾಗೇ ತೆಗೆದರು. ಆ ಹುಡುಗಿ ಜಗಳದ ಮಧ್ಯೆ ಒಳಗೆ ಹೋಗಿ, ಲೋಟದಲ್ಲಿ ನೀರು ತಂದು ಎಲ್ಲರೆದುರು ನಿಂತು ಕುಡಿದು, ಲೋಟವನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಹಾಕಿಕೊಂಡು ಹೊರಟಳು. ಅಳಲಿಲ್ಲ. ಅತ್ತೆ ಕ್ಯಾಮೆರಾದ ಹಿಂದೆ ನನ್ನ ಪಕ್ಕದಲ್ಲೇ ನಿಂತು ನೋಡಿ, ಅವರೆಕಾಯಿಗೆ ವಾಪಸ್ ಹೋದರು.

ಕಂತು ಬಂದ ದಿನ ಗ್ರೂಪಿನಲ್ಲಿ ರಣರಂಗ. ಅವಳು ಮನೆ ಬಿಟ್ಟದ್ದರ ಬಗ್ಗೆ ಯಾರಿಗೂ ಅಷ್ಟು ತಕರಾರಿರಲಿಲ್ಲ, ತಕರಾರೆಲ್ಲ ಆ ನೀರಿನ ಬಗ್ಗೆ. "ಮನೆ ಮುರೀತಿರುವಾಗ ನೀರು ಕುಡಿಯೋ ಕೊಬ್ಬು ನೋಡಿ" ಎಂದರು ಕೆಲವರು. "ಇಷ್ಟು ದಿನಕ್ಕೆ ಒಬ್ಬಳು ಅಳದೆ ಹೋದ್ಲು, ಬಿಡ್ರೀ" ಎಂದರು ಇನ್ನು ಕೆಲವರು. ಆರ್.ಟಿ. ನಗರದವರ ಷರಾ ಹೀಗಿತ್ತು: "ಅಷ್ಟು ಅವಮಾನ ಆದವಳ ಗಂಟಲಲ್ಲಿ ನೀರು ಇಳಿಯಲ್ಲ. ಬರೆದವರು ಗಂಡಸರೇ ಇರಬೇಕು."

ನಾನು ಬರೆದೆ. ಆ ಮನೆ ನಮ್ಮದು, ಆ ನೀರು ಕುಡಿಯುವ ಯೋಚನೆ ನಮ್ಮತ್ತೆಯದು ಎಂದಷ್ಟೇ. ಅತ್ತೆಯ ಹಳೇ ಕಥೆ ಅಲ್ಲಿ ಹಾಕಲಿಲ್ಲ, ಅದು ನನ್ನದಲ್ಲ. ಯಾರೂ ನಂಬಲಿಲ್ಲ. ನಗುವ ಮುಖಗಳ ಸಾಲು ಬಂತು. ಆರ್.ಟಿ. ನಗರದವರು, "ನಮ್ಮತ್ತೆನೂ ಸ್ಕ್ರಿಪ್ಟ್ ರೈಟರ್. ಮನೆ ನಿಮ್ಮದಾದ್ರೆ ತೋರಿಸಿ" ಎಂದರು.

ಇಂಥವನ್ನು ನೋಡಿಯೇ ಜನ ಆನ್‌ಲೈನ್ ಅಂದರೆ ಬರೀ ವಿಷ ಎನ್ನುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಬಸ್ ಸ್ಟಾಪಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಇದಕ್ಕಿಂತ ಖಾರವಾಗಿ ಮಾತಾಡುವವರನ್ನು ಕಂಡಿದ್ದೇನೆ. ವ್ಯತ್ಯಾಸ ಇಷ್ಟೇ, ಇಲ್ಲಿ ಎದುರಿಗೆ ಮುಖ ಇರುವುದಿಲ್ಲ. ಹಾಗಾದರೆ ಮುಖ ತೋರಿಸಬೇಕು. ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಅವರು ಕೇಳಿ, "ಕರಿ ಆ ವಮ್ಮನ್ನ, ಭಾನ್ವಾರ" ಎಂದರು. ನಾನು ವಿಳಾಸ ಕಳಿಸಿದೆ. ಬರುತ್ತಾರೆ ಎಂದೇನೂ ಅಂದುಕೊಂಡಿರಲಿಲ್ಲ.

ಬಂದರು. ತಣಿಸಂದ್ರದ ಒಬ್ಬ ಎಳೇ ಹುಡುಗಿಯನ್ನೂ ಜೊತೆಗೆ ಕರೆತಂದಿದ್ದರು. ಅವಳೂ ಗ್ರೂಪಿನವಳೇ, ಅಪಾರ್ಟ್‌ಮೆಂಟಿನಲ್ಲಿ ಮಗುವಿನ ಜೊತೆ ಹಗಲೆಲ್ಲ ಒಬ್ಬಳೇ ಇರುವವಳು. ಆರ್.ಟಿ. ನಗರದವರು ಬರವಣಿಗೆಯಷ್ಟು ಎತ್ತರವಿರಲಿಲ್ಲ. ಗಿಡ್ಡಗೆ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಗೇಟು ದಾಟುತ್ತಿದ್ದಂತೆ ಕಂಬಗಳನ್ನು ನೋಡಿ ನಿಂತು, "ನಿಜಾನೇ" ಎಂದರು. ನನ್ನ ಕಡೆ ತಿರುಗಿ, "ಕಂಬದ ವಿಷಯದಲ್ಲಿ ನಾನು ಬರೆದದ್ದು ವಾಪಸ್ ತಗೊಳಲ್ಲ" ಎಂದು ಸೇರಿಸಿದರು. ಆಗಲೇ ಅವರು ನನಗೆ ಇಷ್ಟವಾಗಿದ್ದು.

ಅತ್ತೆ ಮುದ್ದೆ, ಹಿತಕವರೆ ಸಾರು ಮಾಡಿದ್ದರು. ಉಂಡು, ಹಾಲ್‌ನಲ್ಲಿ ಎಲ್ಲರೂ ಕೂತ ಮೇಲೆ ಆರ್.ಟಿ. ನಗರದವರು ನೇರ ವಿಷಯಕ್ಕೆ ಬಂದರು. "ಅಮ್ಮ, ಬೇಜಾರ್ ಮಾಡ್ಕೋಬೇಡಿ. ಆ ಹೊತ್ತಲ್ಲಿ ಯಾವ ಹೆಂಗಸಿಗಾದ್ರೂ ನೀರು ಇಳಿಯುತ್ತಾ?"

ಅತ್ತೆ ಅಡಿಕೆ ಕತ್ತರಿಸುತ್ತಿದ್ದವರು ಕೈ ನಿಲ್ಲಿಸದೆ ಹೇಳಿದರು. "ಇಳಿಯಲ್ಲ ಅಂತ್ಲೇ ನಾನೂ ಕುಡೀಲಿಲ್ಲ, ಅಂಗೇ ತಳ್ಳಿಸ್ಕೊಂಡೆ. ಆಮೇಲೆ ಮರದ್ ಕೆಳ್ಗೆ ಕುಂತ್ನಲ್ಲ, ಅವಮಾನ, ಅಳು ಎಲ್ಲಾ ಒಂದ್ ಗಳ್ಗೆಗೆ ಓಯ್ತು. ಬಾಯಾರ್ಕೆ ಮಾತ್ರ ಓಗ್ಲಿಲ್ಲ. ಪಕ್ಕದಾಗೇ ಬಾವಿ. ನೀರ್ ಸೇದೋರೆಲ್ಲ ನಮ್ಮೂರವ್ರೇ. ಕೇಳಿದ್ರೆ ಯಾಕಿಲ್ ಕುಂತಿದ್ದೀಯ ಅಂತಾರೆ. ನಾಚ್ಕೆಗೆ ಕೇಳ್ಲಿಲ್ಲ. ಸಂಜೆಗಂಟ ನೀರ್ ನೋಡ್ಕೊಂಡೇ ಕುಂತಿದ್ದೆ. ಕುಡ್ದಾದ್ರೂ ಬರ್ಬೇಕಿತ್ತು, ನಾನ್ ಸೇದಿಟ್ಟಿದ್ ನೀರೇ ಒಳ್ಗಿತ್ತು, ಅಂತ ಅನ್ನಿಸ್ತು."

ತಣಿಸಂದ್ರದ ಹುಡುಗಿ ಮಗುವಿನ ಬೆನ್ನು ತಟ್ಟುತ್ತಾ ಕೂತಿದ್ದಳು. ಆರ್.ಟಿ. ನಗರದವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, "ಅಡಿಕೆ ಕೊಡಿ" ಎಂದು ಕೈ ಚಾಚಿದರು.

ಮನೆಗೆ ಹೋಗಿ ಅವರು ಗ್ರೂಪಿನಲ್ಲಿ ಬರೆದದ್ದು ಒಂದೇ ಸಾಲು: "ನೀರು ಕುಡಿದದ್ದು ಸರಿಯಾಗಿದೆ. ನನ್ನ ಹಿಂದಿನ ಅಭಿಪ್ರಾಯ ತಪ್ಪು." ಯಾಕೆಂದು ಹೇಳಲಿಲ್ಲ. ಎಷ್ಟು ಜನ ಕೆದಕಿದರೂ, ಚುಡಾಯಿಸಿದರೂ ಅತ್ತೆಯ ವಿಷಯ ಬಾಯಿ ಬಿಡಲಿಲ್ಲ. ಸೀರಿಯಲ್‌ನವರು ಅವರಿಗೆ ದುಡ್ಡು ಕೊಟ್ಟಿದ್ದಾರೆ ಎಂದೂ ಒಬ್ಬರು ಬರೆದರು. ಅದಕ್ಕೂ ಉತ್ತರ ಕೊಡಲಿಲ್ಲ. ಒಂದು ಗ್ರೂಪಿನಲ್ಲಿ ಸೋತೆ ಎಂದು ಎಲ್ಲರೆದುರು ಬರೆದವರನ್ನು ನಾನು ಕಂಡಿದ್ದು ಅದೇ ಮೊದಲು.

ಅತ್ತೆ ತಮ್ಮ ಕಥೆಯನ್ನು ಹೊರಗೆ ಹಾಕಿದ್ದರಿಂದ ಮನೆಯಲ್ಲೂ ಒಂದಿಷ್ಟು ಬದಲಾಯಿತು. ನನ್ನ ಗಂಡ ಹಲವು ದಿನ ಮಂಕಾಗಿದ್ದರು. ಹಾಲ್‌ನಲ್ಲಿದ್ದ ಅಜ್ಜಿಯ ಫೋಟೋವನ್ನು ತೆಗೆಯಲು ಹೋದಾಗ ಅತ್ತೆಯೇ ತಡೆದು, "ಇರ್ಲಿ ಬಿಡೋ, ನಿನ್ನ ಸಾಕ್ದೋಳು" ಎಂದರು. ಅಮ್ಮನ ಜೊತೆ ಕೂತು ಸೀರಿಯಲ್ ನೋಡುವುದನ್ನು ಅವರು ಆಗಲೇ ಶುರು ಮಾಡಿದ್ದು. ಮೊದಮೊದಲು ಅರ್ಥವಾಗದೆ ಕೇಳುತ್ತಿದ್ದರು, ಆಮೇಲೆ ನಮಗಿಂತ ಮುಂಚೆ ರಿಮೋಟ್ ಹಿಡಿದು ಕೂರುತ್ತಿದ್ದರು.

ಆ ಸೀರಿಯಲ್ ಕೊನೆಗೆ ಎಲ್ಲ ಸೀರಿಯಲ್‌ಗಳ ಹಾಗೇ ಆಯಿತು. ಹೊರಟ ಸೊಸೆಯನ್ನು ವಾಪಸ್ ಕರೆತಂದರು. ಅವಳು ಅದೇ ಅತ್ತೆಯ ಪಾದ ತೊಳೆದಳು. ನಮ್ಮತ್ತೆ "ಥೂ" ಎಂದು ಎದ್ದು ಹೋಗಿ, ಮಾರನೇ ದಿನ ಮತ್ತೆ ಬಂದು ಕೂತರು. ಜನರಿಗೆ ಬುದ್ಧಿ ಇಲ್ಲದೆ ಇವನ್ನು ನೋಡುತ್ತಾರೆ ಎನ್ನುವವರು ಜನ ಹೇಗೆ ನೋಡುತ್ತಾರೆ ಎಂಬುದನ್ನು ನೋಡಿರುವುದಿಲ್ಲ. ಬೈಯುತ್ತಾ ನೋಡುತ್ತಾರೆ. ತಮ್ಮ ಬದುಕಿನ ಪಕ್ಕದಲ್ಲಿಟ್ಟು, ಇಲ್ಲಿ ಸರಿ, ಇಲ್ಲಿ ತಪ್ಪು ಎಂದು ಅಳೆಯುತ್ತಾ ನೋಡುತ್ತಾರೆ. ಅದಕ್ಕೆ ಸಾಕಷ್ಟು ಬುದ್ಧಿ ಬೇಕು.

ಕಥೆ ಮುಗಿದ ಮೇಲೆ ಯೂನಿಟ್‌ನವರು ಗೋಡೆಗೆ ಸುಣ್ಣ ಬಣ್ಣ ಹೊಡೆಸಿಕೊಟ್ಟು ಹೋದರು. ದೊಡ್ಡ ಗ್ರೂಪು 2018ರ ಚುನಾವಣೆಯ ಹೊತ್ತಿಗೆ ರಾಜಕೀಯದ ಫಾರ್ವರ್ಡುಗಳಿಂದ ತುಂಬಿಹೋಗಿ, ಸೀರಿಯಲ್ ಮಾತಾಡುವವರೇ ಇಲ್ಲದಂತಾಯಿತು. ನಾವು ಕೆಲವರು ಹೊರಬಂದು ಸಣ್ಣದೊಂದು ಮಾಡಿಕೊಂಡೆವು. ಹೊಸ ಫೋನ್ ಹಿಡಿದ ಅತ್ತೆಯನ್ನೂ ಸೇರಿಸಿದೆವು. ಅವರಿಗೆ ಬರೆಯಲು ಬರುವುದಿಲ್ಲ, ಮೈಕಿನ ಗುಂಡಿ ಒತ್ತಿ ಮಾತಾಡುತ್ತಾರೆ. ತಣಿಸಂದ್ರದ ಹುಡುಗಿ ಮಗುವಿಗೆ ಜ್ವರ ಎಂದರೆ ಮದ್ದು, ಕೆಲಸಕ್ಕೆ ಸೇರಲೇ ಬೇಡವೇ ಎಂದು ಕೇಳಿದರೆ ಸೇರು ಎಂಬ ತೀರ್ಪು, ಎಲ್ಲವೂ ಮೈಕಿನಲ್ಲೇ. ಅವಳು ಸೇರಿದಳು. ಮಗುವನ್ನು ಕೆಲವು ತಿಂಗಳು ಹಗಲು ಹೊತ್ತು ನೋಡಿಕೊಂಡವರು ಆರ್.ಟಿ. ನಗರದವರು.

2019ರಲ್ಲೂ ಸಂಜೆ ಜಾಹೀರಾತು ಬಂದ ಕೂಡಲೇ ನಮ್ಮ ಮನೆಯಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. ಆ ಕಡೆ ಆರ್.ಟಿ. ನಗರ, ಈ ಕಡೆ ಅತ್ತೆ. ಒಂದು ಸಂಜೆ, ಯಾವುದೋ ಡ್ಯಾನ್ಸ್ ಕಾರ್ಯಕ್ರಮದಲ್ಲಿ ಪುಟ್ಟ ಮಕ್ಕಳನ್ನು ಅಳಿಸಿ ಮಾರ್ಕ್ಸ್ ಕೊಡುವ ಜಡ್ಜುಗಳ ಬಗ್ಗೆ ಇಬ್ಬರೂ ಸಿಟ್ಟಿನಲ್ಲಿದ್ದರು. "ಇವ್ರ ಮನೇಲ್ ಮಕ್ಕಳಿಲ್ವೇನಮ್ಮ?" ಎಂದು ಅತ್ತೆ ಕೇಳುತ್ತಿದ್ದರು. ಅಷ್ಟರಲ್ಲಿ ಜಾಹೀರಾತು ಮುಗಿದು ಕಾರ್ಯಕ್ರಮ ಶುರುವಾಯಿತು. ಇಬ್ಬರೂ ಮಾತನ್ನು ಅರ್ಧಕ್ಕೇ ಬಿಟ್ಟು ಫೋನ್ ಇಟ್ಟರು.